ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದ ಡಾ. ಮೇರಿ ವರ್ಗೀಸ್



ಮಳೆಗಾಲದಲ್ಲಿ ನಮ್ಮ ಪುತ್ತಿಗೆ, ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಕೆಲಸವನ್ನು ನೀವೆಲ್ಲ ನೋಡಿದ್ದೀರಿ. ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸಲು ಒಬ್ಬರು ಮರ ಏರುತ್ತಾರೆ. ಒದ್ದೆ ಮರ, ಪಾಚಿ ಹಿಡಿದ ಕಾಂಡ. ಎಷ್ಟೇ ಅನುಭವ ಇದ್ದರೂ ಒಮ್ಮೊಮ್ಮೆ ಕಾಲು ಜಾರುತ್ತದೆ. ಬಿದ್ದವರ ಕೈಯೋ ಕಾಲೋ ಮುರಿದರೆ ಪ್ಲಾಸ್ಟರ್ ಹಾಕುತ್ತಾರೆ, ಕೆಲವು ತಿಂಗಳಲ್ಲಿ ಮೂಳೆ ಕೂಡಿಕೊಳ್ಳುತ್ತದೆ. ಆದರೆ ಬೆನ್ನಿಗೆ ಪೆಟ್ಟಾದರೆ? ಕಾಲಿಗೆ ಒಂದು ಗಾಯವೂ ಆಗಿರುವುದಿಲ್ಲ. ಆದರೂ ಆ ಕಾಲು ಅಲುಗಾಡುವುದಿಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲ.

ಇದಕ್ಕೆ ಕಾರಣ ಬೆನ್ನುಹುರಿ. ನಿಮ್ಮ ಬೆನ್ನಿನ ನಡುವೆ ಬೆರಳು ಆಡಿಸಿ ನೋಡಿ, ಗಂಟು ಗಂಟಾಗಿ ಸಿಗುತ್ತದೆ. ಅವು ಬೆನ್ನುಮೂಳೆಯ ಮಣಿಗಳು. ಹುಟ್ಟುವಾಗ 33 ಇರುತ್ತವೆ, ದೊಡ್ಡವರಾಗುವಾಗ ಕೆಳಗಿನ ಕೆಲವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈ ಮಣಿಗಳ ಒಳಗಿನ ಕೊಳವೆಯಲ್ಲಿ ಕಿರುಬೆರಳಿನಷ್ಟು ದಪ್ಪದ, ದೊಡ್ಡವರಲ್ಲಿ ಸುಮಾರು 45 ಸೆಂ.ಮೀ. ಉದ್ದದ ಬೆನ್ನುಹುರಿ ಇದೆ. ಮೆದುಳು ಕಾಲಿಗೆ ಕೊಡುವ ಆಜ್ಞೆ ಇಳಿದುಹೋಗುವುದು ಇದರ ಮೂಲಕ. ಕಾಲಿಗೆ ಮುಳ್ಳು ಚುಚ್ಚಿದ ಸುದ್ದಿ ಮೆದುಳಿಗೆ ಏರಿಬರುವುದೂ ಇದರ ಮೂಲಕವೇ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕೊಯ್ದ ಚರ್ಮ ಕೂಡಿಕೊಳ್ಳುತ್ತದೆ. ಆದರೆ ಪೂರ್ತಿ ತುಂಡಾದ ಬೆನ್ನುಹುರಿಯನ್ನು ಮತ್ತೆ ಮೊದಲಿನಂತೆ ಜೋಡಿಸುವ ಚಿಕಿತ್ಸೆ ಇಂದಿಗೂ ಬಂದಿಲ್ಲ.

ಹೀಗಾದವರ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ. ಇನ್ನು ಇವರ ಬದುಕು ಹೇಗೆ? ಇದೇ ಪ್ರಶ್ನೆಯನ್ನು 28ನೆಯ ವಯಸ್ಸಿನಲ್ಲಿ ಎದುರಿಸಿದ ಒಬ್ಬ ಯುವ ವೈದ್ಯೆಯ ಕಥೆಯನ್ನು ಈ ಸಲ ನಿಮಗೆ ಹೇಳುತ್ತೇನೆ.

ಚೆರಾಯಿಯಿಂದ ವೆಲ್ಲೂರಿಗೆ

ಮೇರಿ ವರ್ಗೀಸ್ ಹುಟ್ಟಿದ್ದು 1925ರ ಮೇ 26ರಂದು, ಕೇರಳದ ಕೊಚ್ಚಿ ಸಮೀಪದ ಚೆರಾಯಿ ಎಂಬ ಊರಿನಲ್ಲಿ. ಚೆರಾಯಿ ನಮ್ಮ ಕರಾವಳಿಯ ಹಾಗೆಯೇ ಸಮುದ್ರ, ಹಿನ್ನೀರು, ತೆಂಗಿನ ತೋಟಗಳ ಊರು. ಮನೆಯವರು ಅನುಕೂಲಸ್ಥರು. ಊರಿನ ಶಾಲೆಯಲ್ಲಿ ಕಲಿತು, ಎರ್ನಾಕುಲಂನಲ್ಲಿ ಓದು ಮುಂದುವರಿಸಿ, 1946ರಲ್ಲಿ ಮೇರಿ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಸೇರಿದರು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಯಲ್ಲಿ ಸಿಗುತ್ತದೆ ಈ ವೆಲ್ಲೂರು. ಹುಡುಗಿಯರಿಗೆ ವೈದ್ಯಕೀಯ ಕಲಿಸಬೇಕೆಂದೇ ಐಡಾ ಸ್ಕಡರ್ ಎಂಬ ಅಮೆರಿಕದ ವೈದ್ಯೆ 1918ರಲ್ಲಿ ಅಲ್ಲಿ ವೈದ್ಯಕೀಯ ಶಾಲೆ ತೆರೆದಿದ್ದರು. ಮೇರಿ ಓದು ಮುಗಿಸಿ ಅಲ್ಲೇ ಕೆಲಸಕ್ಕೆ ನಿಂತರು. ಸ್ತ್ರೀರೋಗ ತಜ್ಞೆಯಾಗಬೇಕು ಎಂಬುದು ಅವರ ಆಸೆ.

1954ರ ಜನವರಿ 30. ಮೇರಿಯವರು ಇತರ ಯುವ ವೈದ್ಯರ ಜೊತೆ ವಾಹನದಲ್ಲಿ ಹೊರಟಿದ್ದರು. ದಾರಿಯಲ್ಲಿ ಅಪಘಾತವಾಯಿತು. ಮೇರಿಯವರ ಮುಖಕ್ಕೆ ಆಳವಾದ ಗಾಯವಾಯಿತು, ಬೆನ್ನುಹುರಿಗೆ ಪೆಟ್ಟು ಬಿತ್ತು. ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಸ್ವತಃ ವೈದ್ಯೆಯಾಗಿದ್ದರಿಂದ ಇದರ ಅರ್ಥ ಏನೆಂದು ಯಾರೂ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಸಿಗೆಯಲ್ಲಿ ಕಾದಿರುವ ಅಪಾಯ

ಇಲ್ಲಿ ಸ್ವಲ್ಪ ನಿಲ್ಲೋಣ. ನೀವು ಈ ಪುಟ ಓದಲು ಶುರುಮಾಡಿದ ಮೇಲೆ ಕುಳಿತಲ್ಲೇ ಎಷ್ಟು ಸಲ ಅತ್ತಿತ್ತ ಸರಿದಿರಿ? ಲೆಕ್ಕ ಇಟ್ಟಿರುವುದಿಲ್ಲ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿಹೋಗಿ ಚರ್ಮಕ್ಕೆ ರಕ್ತ ಸಿಗುವುದಿಲ್ಲ. ಆಗ ನೋವು ಶುರುವಾಗುತ್ತದೆ, ನಮಗೆ ಅರಿವಾಗುವ ಮೊದಲೇ ನಾವು ಸರಿದು ಕುಳಿತಿರುತ್ತೇವೆ. ನಿದ್ದೆಯಲ್ಲೂ ಹೀಗೆಯೇ ಮಗ್ಗುಲು ಬದಲಿಸುತ್ತೇವೆ.

ಬೆನ್ನುಹುರಿಗೆ ಪೆಟ್ಟಾದವರಿಗೆ ಆ ನೋವಿನ ಸುದ್ದಿ ತಲಪುವುದೇ ಇಲ್ಲ. ಒಂದೇ ಮಗ್ಗುಲಲ್ಲಿ ಕೆಲವು ಗಂಟೆ ಮಲಗಿದರೆ ಸಾಕು, ಚರ್ಮ ಕೆಂಪಾಗುತ್ತದೆ, ಮತ್ತೆ ಕಪ್ಪಾಗುತ್ತದೆ, ಕೊನೆಗೆ ಮೂಳೆ ಕಾಣುವಷ್ಟು ಆಳದ ಹುಣ್ಣಾಗುತ್ತದೆ. ಇದನ್ನು ಹಾಸಿಗೆ ಹುಣ್ಣು ಎನ್ನುತ್ತಾರೆ. ಮೂತ್ರಕೋಶ ತುಂಬಿದ್ದೂ ಇವರಿಗೆ ತಿಳಿಯುವುದಿಲ್ಲ. ಮೂತ್ರ ಅಲ್ಲೇ ನಿಂತು ನಂಜಾಗಿ, ಆ ನಂಜು ಮೂತ್ರಪಿಂಡಕ್ಕೆ ಏರುತ್ತದೆ. ಎರಡನೆಯ ಮಹಾಯುದ್ಧದ ಮೊದಲು ಬೆನ್ನುಹುರಿಗೆ ಪೆಟ್ಟಾದ ಹೆಚ್ಚಿನವರು ಬದುಕಿ ಉಳಿಯುತ್ತಿರಲಿಲ್ಲ. ಅವರ ಜೀವ ತೆಗೆಯುತ್ತಿದ್ದದ್ದು ಹೆಚ್ಚಾಗಿ ಈ ಎರಡು ನಂಜುಗಳೇ.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್ಮನ್ ಎಂಬ ವೈದ್ಯರು ಇದನ್ನು ಬದಲಿಸಲು ಹೊರಟರು. ಅವರದು ದುಬಾರಿ ಔಷಧಿಯೇನಲ್ಲ. ರೋಗಿಯನ್ನು ಹಗಲೂ ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಮೂತ್ರಕೋಶವನ್ನು ಶುಚಿಯಾಗಿಡಬೇಕು, ಆದಷ್ಟು ಬೇಗ ಎಬ್ಬಿಸಿ ಕೂರಿಸಿ ತೋಳುಗಳಿಗೆ ಬಲ ತರಿಸಬೇಕು. ತೋಳಿನ ಬಲಕ್ಕೆಂದು ಅವರು ಆಟಗಳನ್ನೂ ಸೇರಿಸಿದರು. 1948ರಲ್ಲಿ ಅವರ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದುಬಂದದ್ದು ಅಲ್ಲಿಂದಲೇ.

ಆದರೆ 1954ರಲ್ಲಿ ನಮ್ಮ ದೇಶದ ಆಸ್ಪತ್ರೆಗಳಿಗೆ ಈ ವಿದ್ಯೆ ಇನ್ನೂ ಹೊಸತು. ಮೇರಿಯವರು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಕಳೆಯಬೇಕಾಯಿತು.

ಕೈಯ ಶಸ್ತ್ರಚಿಕಿತ್ಸೆಗೆ ಕಾಲು ಬೇಕೆ?

ವೆಲ್ಲೂರಿನಲ್ಲಿ ಆಗ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರಿದ್ದರು. ಇಂಗ್ಲಿಷ್ ದಂಪತಿಯ ಮಗನಾದರೂ 1914ರಲ್ಲಿ ಅವರು ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ಕುಷ್ಠರೋಗಿಗಳ ಬೆರಳುಗಳು ಯಾಕೆ ಮೊಂಡಾಗುತ್ತವೆ ಎಂದು ಅವರು ಅಧ್ಯಯನ ಮಾಡಿದ್ದರು. ರೋಗವೇ ಬೆರಳನ್ನು ತಿನ್ನುತ್ತದೆ ಎಂದು ಜನ ನಂಬಿದ್ದರು. ಬ್ರ್ಯಾಂಡ್ ಕಂಡುಕೊಂಡದ್ದು ಬೇರೆ. ಕುಷ್ಠರೋಗದ ಸೂಕ್ಷ್ಮಜೀವಿ ನರಗಳನ್ನು ಹಾಳುಮಾಡುತ್ತದೆ, ಆದ್ದರಿಂದ ಕೈಗೆ ಬಿಸಿಯೂ ತಿಳಿಯದು, ನೋವೂ ತಿಳಿಯದು. ಬಿಸಿ ಪಾತ್ರೆ ಹಿಡಿದು ಸುಟ್ಟುಕೊಂಡರೂ ಅವರು ಕೈ ಬಿಡುವುದಿಲ್ಲ. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ. ಇದೇ ಕಾರಣಕ್ಕೆ ಅಂಥ ರೋಗಿಗಳ ಕಾಲಿಗೆ ಮೆತ್ತನೆಯ ಸೂಕ್ಷ್ಮರಂಧ್ರದ ರಬ್ಬರಿನ ಚಪ್ಪಲಿಗಳೂ ತಯಾರಾದವು. ಚಪ್ಪಲಿಯೂ ಒಂದು ಚಿಕಿತ್ಸಾ ಸಾಧನ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಹಾಸಿಗೆಯಲ್ಲಿದ್ದ ಮೇರಿಯವರಿಗೆ ಬ್ರ್ಯಾಂಡ್ ಒಂದು ದಾರಿ ತೋರಿಸಿದರು. ಕುಷ್ಠರೋಗಿಗಳ ಕೈಯ ಶಸ್ತ್ರಚಿಕಿತ್ಸೆಯನ್ನು ಮೇರಿ ಕಲಿಯಬೇಕು ಎಂಬುದೇ ಆ ದಾರಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನು ವೈದ್ಯರು ನಿಂತು ಮಾಡುತ್ತಾರೆ. ಹೆರಿಗೆಯ ಕೋಣೆಯಲ್ಲೂ ಓಡಾಟ ಬೇಕು. ಆದರೆ ಕೈಯ ಶಸ್ತ್ರಚಿಕಿತ್ಸೆಯ ವಿಷಯವೇ ಬೇರೆ. ರೋಗಿಯ ಕೈಯನ್ನು ಮೇಜಿನ ಮೇಲೆ ಚಾಚಿಟ್ಟು, ಎರಡು ಕಾಲೂ ಗಟ್ಟಿ ಇರುವ ವೈದ್ಯರೂ ಅದನ್ನು ಕುಳಿತೇ ಮಾಡುತ್ತಾರೆ! ಅಂದಮೇಲೆ ಕುಳಿತಿರುವುದು ಸಾಮಾನ್ಯ ಕುರ್ಚಿಯಲ್ಲೋ ಗಾಲಿಕುರ್ಚಿಯಲ್ಲೋ ಎಂಬುದರಿಂದ ಏನು ವ್ಯತ್ಯಾಸ? ಬ್ರ್ಯಾಂಡ್ ಅವರ ಈ ಯೋಚನೆ ಎಷ್ಟು ಸರಳ ನೋಡಿ. ಮೇರಿಯವರಿಗೆ ಏನು ಸಾಧ್ಯವಿಲ್ಲ ಎಂಬುದರಿಂದ ಅವರು ಶುರುಮಾಡಲಿಲ್ಲ. ಕೆಲಸಕ್ಕೆ ನಿಜವಾಗಿ ಏನು ಬೇಕು ಎಂಬುದರಿಂದ ಶುರುಮಾಡಿದರು.

ಒಪ್ಪಿಕೊಳ್ಳುವುದು ಮೇರಿಯವರಿಗೆ ಸುಲಭವಾಗಿತ್ತು ಎಂದುಕೊಳ್ಳಬೇಡಿ. ಗಂಟೆಗಟ್ಟಲೆ ನೆಟ್ಟಗೆ ಕೂರಬೇಕು. ಸೊಂಟದ ಕೆಳಗಿನ ಸ್ನಾಯುಗಳ ಆಧಾರವಿಲ್ಲದೆ ಸಮತೋಲ ಕಾಯ್ದುಕೊಂಡು, ಎರಡೂ ಕೈಗಳನ್ನು ನಡುಗದಂತೆ ಇಟ್ಟು, ದಾರದಂಥ ಸ್ನಾಯುರಜ್ಜುಗಳನ್ನು ಹೊಲಿಯಬೇಕು. ನಡುನಡುವೆ ಒತ್ತಡದ ಹುಣ್ಣಾಗದಂತೆ ದೇಹದ ಭಾರ ಸರಿಸುವುದನ್ನೂ ಮರೆಯುವಂತಿಲ್ಲ. ಇಷ್ಟನ್ನೂ ಮೇರಿಯವರು ಕಲಿತರು.

ಅವರು ಮಾಡುತ್ತಿದ್ದ ಶಸ್ತ್ರಚಿಕಿತ್ಸೆ ಏನೆಂದು ತಿಳಿಯಲು ನಿಮ್ಮ ಮುಂಗೈಯನ್ನು ನೋಡಿ. ಬೆರಳನ್ನು ಮಡಚಿ ಬಿಡಿಸಿದರೆ ಮಣಿಕಟ್ಟಿನ ಹತ್ತಿರ ಹಗ್ಗಗಳಂತೆ ಏನೋ ಸರಿಯುವುದು ಕಾಣುತ್ತದೆ. ಅವೇ ಸ್ನಾಯುರಜ್ಜುಗಳು. ಯಕ್ಷಗಾನ ಗೊಂಬೆಯಾಟದ ಸೂತ್ರಗಳ ಹಾಗೆ, ಎಳೆಯುವ ಸ್ನಾಯು ಮೇಲೆ ಮುಂಗೈಯಲ್ಲಿ, ಕುಣಿಯುವ ಬೆರಳು ಕೆಳಗೆ. ಕುಷ್ಠರೋಗದಲ್ಲಿ ಅಂಗೈಯ ಕೆಲವು ಸ್ನಾಯುಗಳ ನರ ಸತ್ತು ಬೆರಳುಗಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಆಗ ಚೆನ್ನಾಗಿ ಕೆಲಸ ಮಾಡುತ್ತಿರುವ ಬೇರೊಂದು ಸ್ನಾಯುವಿನ ರಜ್ಜುವನ್ನು ಬಿಡಿಸಿ, ಹೊಸ ದಾರಿಯಲ್ಲಿ ತಂದು ಆ ಬೆರಳುಗಳಿಗೆ ಜೋಡಿಸುತ್ತಾರೆ. ಆಮೇಲೆ ರೋಗಿ ವಾರಗಟ್ಟಲೆ ಅಭ್ಯಾಸ ಮಾಡಿ ಹಳೆಯ ಸ್ನಾಯುವಿಗೆ ಹೊಸ ಕೆಲಸ ಕಲಿಸಬೇಕು. ಹೀಗೆ ಮುಷ್ಟಿ ಕಟ್ಟಿದಂತಿದ್ದ ಕೈ ಮತ್ತೆ ಲೋಟ ಹಿಡಿಯುತ್ತದೆ, ಅನ್ನ ಕಲಸುತ್ತದೆ. ಸ್ಪರ್ಶ ಕಳೆದುಕೊಂಡ ಕೈಗಳನ್ನು ಸರಿಪಡಿಸುತ್ತಿದ್ದವರು, ಸ್ಪರ್ಶ ಕಳೆದುಕೊಂಡ ಕಾಲುಗಳ ವೈದ್ಯೆ. ಗಾಲಿಕುರ್ಚಿಯಲ್ಲಿ ಬರುವ ಅವರನ್ನು ಕಂಡು ರೋಗಿಗಳಿಗೆ ಏನನ್ನಿಸಿರಬಹುದು, ನೀವೇ ಊಹಿಸಿ.

ಕುರ್ಚಿ ಒಂದೇ ಸಾಲದು

ಕೆಲಸ ಸಿಕ್ಕಿತು. ಆದರೆ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಸ್ನಾನದ ಮನೆಗೆ ದಾಟುವುದು ಹೇಗೆ? ಯಾರಾದರೂ ಎತ್ತಲೇಬೇಕೆ? ಇದನ್ನು ಕಲಿಯಲು ಮೇರಿಯವರು ಆಸ್ಟ್ರೇಲಿಯಾದ ಪರ್ತ್ ನಗರದ ರಾಯಲ್ ಪರ್ತ್ ಆಸ್ಪತ್ರೆಗೆ ಹೋದರು. ಇಂಥ ತರಬೇತಿಯಲ್ಲಿ ಏನೇನಿರುತ್ತದೆ ಎಂದು ಕೇಳಿದರೆ ಇಷ್ಟೆಯೇ ಎನ್ನಿಸಬಹುದು. ಎರಡೂ ಅಂಗೈ ಊರಿ ದೇಹವನ್ನು ಕುರ್ಚಿಯಿಂದ ಮೇಲೆತ್ತುವುದು, ಹಲಗೆಯ ಮೇಲೆ ಜಾರಿಕೊಂಡು ಹಾಸಿಗೆಗೆ ದಾಟುವುದು, ಚರ್ಮ ಕೆಂಪಾಗಿದೆಯೇ ಎಂದು ದಿನಾಲೂ ಕನ್ನಡಿ ಹಿಡಿದು ನೋಡಿಕೊಳ್ಳುವುದು. ಇವು ಬಾರದಿದ್ದರೆ ಅತ್ಯುತ್ತಮ ಗಾಲಿಕುರ್ಚಿ ಮನೆಯ ಮೂಲೆಯಲ್ಲಿ ಬಟ್ಟೆ ಒಣಗಿಸಲು ಆಗುತ್ತದೆ ಅಷ್ಟೆ.

ಗಾಲಿಕುರ್ಚಿಯ ರಚನೆಯನ್ನೂ ಒಮ್ಮೆ ಗಮನಿಸಿ. ಹಿಂದೆ ಎರಡು ದೊಡ್ಡ ಚಕ್ರ, ಅವುಗಳ ಪಕ್ಕದಲ್ಲಿ ಕೈಯಿಂದ ತಳ್ಳಲು ಒಂದೊಂದು ಬಳೆ. ಮುಂದೆ ಎಲ್ಲ ಕಡೆಗೂ ತಿರುಗುವ ಎರಡು ಪುಟ್ಟ ಚಕ್ರ. ಸೀಟಿನ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಇಟ್ಟ ಎರಡು ಕೊಳವೆ. ಈ ಕತ್ತರಿಯಿಂದಾಗಿಯೇ ಕುರ್ಚಿಯನ್ನು ಮಡಚಿ ಬಸ್ಸಿನಲ್ಲೋ ಕಾರಿನಲ್ಲೋ ಇಡಬಹುದು. 1930ರ ದಶಕದಲ್ಲಿ ಇದನ್ನು ಅಮೆರಿಕದಲ್ಲಿ ರೂಪಿಸಿದವರು ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನ್ನಿಂಗ್ಸ್ ಎಂಬ ಇಬ್ಬರು ಎಂಜಿನಿಯರ್ ಗೆಳೆಯರು. ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡವರು. ಅಗತ್ಯ ಇದ್ದವರೇ ವಿನ್ಯಾಸಕ್ಕೆ ಕೈಹಾಕಿದರು.

ಆಸ್ಟ್ರೇಲಿಯಾದಿಂದ ಬಂದ ಮೇಲೆ ಮೇರಿಯವರ ದಾರಿ ಇನ್ನೊಂದು ತಿರುವು ಪಡೆಯಿತು. ತಮಗೆ ಸಿಕ್ಕಿದ ತರಬೇತಿ ನಮ್ಮ ದೇಶದ ಬಡವರಿಗೆ ಎಲ್ಲಿದೆ? ಅವರು ನ್ಯೂಯಾರ್ಕಿಗೆ ಹೋಗಿ, ಯುದ್ಧದಲ್ಲಿ ಗಾಯಗೊಂಡ ಸೈನಿಕರ ಪುನಶ್ಚೇತನದಲ್ಲಿ ಹೆಸರಾದ ಹೊವಾರ್ಡ್ ರಸ್ಕ್ ಎಂಬ ವೈದ್ಯರ ಸಂಸ್ಥೆಯಲ್ಲಿ ಇದೇ ವಿಷಯ ಓದಿದರು. ಗಾಲಿಕುರ್ಚಿಯಲ್ಲಿ ಹೋಗಿ, ಗಾಲಿಕುರ್ಚಿಯಲ್ಲೇ ಓದಿ, ಪರೀಕ್ಷೆ ಮುಗಿಸಿ ಬಂದರು. 1963ರಲ್ಲಿ ವೆಲ್ಲೂರಿನ ಕಾಲೇಜಿನ ಭೌತ ಚಿಕಿತ್ಸೆ ಮತ್ತು ಪುನಶ್ಚೇತನ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ರೋಗಿಗಳು ಒಳಗೇ ಉಳಿದು ತರಬೇತಿ ಪಡೆಯುವ ಸಂಸ್ಥೆ ತೆರೆಯಿತು. ವೈದ್ಯಕೀಯ ಕಾಲೇಜಿಗೆ ಸೇರಿದ ಇಂಥ ಸಂಸ್ಥೆ ಭಾರತದಲ್ಲಿ ಅದೇ ಮೊದಲು.

ಇಂಥ ಸಂಸ್ಥೆಯಲ್ಲಿ ವೈದ್ಯರು ಮಾತ್ರ ಇದ್ದರೆ ಆಗುವುದಿಲ್ಲ. ವ್ಯಾಯಾಮ ಕಲಿಸುವವರು ಬೇಕು. ಬಡಗಿಯಂತೆ, ಚಮ್ಮಾರನಂತೆ, ಕಮ್ಮಾರನಂತೆ ಕೆಲಸ ಬಲ್ಲ ತಂತ್ರಜ್ಞರೂ ಬೇಕು. ಕೃತಕ ಕಾಲು ಮಾಡುವುದನ್ನೇ ತೆಗೆದುಕೊಳ್ಳಿ. ಉಳಿದ ಕಾಲಿನ ತುದಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನೊಳಗೆ ಪ್ಲಾಸ್ಟರ್ ಸುರಿದರೆ ಕಾಲಿನ ತುದಿಯ ಪಡಿಯಚ್ಚು ಸಿಗುತ್ತದೆ. ಅದರ ಮೇಲೆ ಗೂಡನ್ನು ರೂಪಿಸುತ್ತಾರೆ. ಗೂಡು ಬಿಗಿಯಾದರೆ ಹುಣ್ಣು, ಸಡಿಲವಾದರೆ ಕಾಲು ಜಾರುತ್ತದೆ. ಒಬ್ಬರ ಕಾಲು ಇನ್ನೊಬ್ಬರಿಗೆ ಆಗದು. ಹಾಗೆಯೇ ಕ್ಯಾಲಿಪರ್. ಕಾಲು ಇದೆ, ಬಲ ಇಲ್ಲ ಎಂಬವರಿಗೆ ಲೋಹದ ಸರಳು, ಚರ್ಮದ ಪಟ್ಟಿ, ಮಂಡಿಯ ಹತ್ತಿರ ಬೀಗ. ನಿಂತಾಗ ಬೀಗ ಹಾಕಿದರೆ ಮಂಡಿ ಕುಸಿಯುವುದಿಲ್ಲ, ಕುಳಿತುಕೊಳ್ಳುವಾಗ ಬೀಗ ಬಿಡಿಸಬೇಕು. 1960ರ ದಶಕದಲ್ಲಿ ನಮ್ಮ ದೇಶದಲ್ಲಿ ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡ ಮಕ್ಕಳು ಬಹಳ. ಅವರಿಗೆಲ್ಲ ಬೇಕಾದದ್ದು ಇದೇ ಕ್ಯಾಲಿಪರ್. ನಿಮಗೆ ಹಾಕಿದ ಎರಡು ಹನಿಗಳ ಬೆಲೆ ಈಗ ತಿಳಿಯಿತಲ್ಲ? ಭಾರತದಲ್ಲಿ ಕಾಡು ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು.

ಇನ್ನೊಂದು ಮಾತು. ನಾವು ಬರಿಗಾಲಲ್ಲಿ ನಡೆಯುತ್ತೇವೆ, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುತ್ತೇವೆ, ಗದ್ದೆಯ ಕೆಸರಿಗೆ ಇಳಿಯುತ್ತೇವೆ. ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗಾಗಿ ಮಾಡಿದ ಕೃತಕ ಕಾಲು ಇಲ್ಲಿ ನಡೆಯದು. 1960ರ ದಶಕದ ಕೊನೆಗೆ ರಾಜಸ್ಥಾನದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಪಿ.ಕೆ. ಸೇಠಿ ಸೇರಿ ರಬ್ಬರಿನ ಜೈಪುರ ಪಾದವನ್ನು ರೂಪಿಸಿದ್ದು ಇದೇ ಕೊರತೆ ನೀಗಿಸಲು.

1972ರಲ್ಲಿ ಭಾರತ ಸರಕಾರ ಮೇರಿಯವರಿಗೆ ಪದ್ಮಶ್ರೀ ನೀಡಿತು. ಅಪಘಾತವಾದ ಮೇಲೆ ಅವರು 32 ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1986ರ ಡಿಸೆಂಬರಿನಲ್ಲಿ, 61ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಊರಿನಲ್ಲಿ

ಬೆನ್ನುಹುರಿಗೆ ಪೆಟ್ಟಾದವರ ತರಬೇತಿಗೆ ಈಗ ವೆಲ್ಲೂರಿನ ತನಕ ಹೋಗಲೇಬೇಕೆಂದಿಲ್ಲ. ನಮ್ಮ ಬೆಳ್ತಂಗಡಿ ತಾಲೂಕಿನ ಸೌತಡ್ಕದಲ್ಲಿ ಸೇವಾಭಾರತಿಯ ಸೇವಾಧಾಮ ಇದೇ ಕೆಲಸಕ್ಕಾಗಿ ಇರುವ ಕೇಂದ್ರ.

ಮರದಿಂದ ಯಾರಾದರೂ ಬಿದ್ದದ್ದನ್ನು ನೀವು ಕಂಡರೆ, ಅವರನ್ನು ಕೈಕಾಲು ಹಿಡಿದು ಎತ್ತಲು ಬಿಡಬೇಡಿ. ಎಬ್ಬಿಸಿ ಕೂರಿಸಿ ನೀರು ಕುಡಿಸುವುದೂ ಬೇಡ. ಮುರಿದ ಮಣಿ ಸರಿದರೆ ಆ ತನಕ ಸರಿಯಾಗಿದ್ದ ಬೆನ್ನುಹುರಿ ಆಗ ತುಂಡಾಗಬಹುದು. ದೊಡ್ಡವರನ್ನು ಕೂಗಿ ಕರೆಯಿರಿ, 108ಕ್ಕೆ ಫೋನ್ ಮಾಡಿಸಿ. ಸಾಗಿಸಲೇಬೇಕಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿ ಇರುವಂತೆ ಹಲಗೆಯ ಮೇಲೆ ಮಲಗಿಸಬೇಕು.

ಇನ್ನು ನಿಮ್ಮ ಶಾಲೆಯನ್ನು ಒಮ್ಮೆ ಮೇರಿಯವರ ಕುರ್ಚಿಯಲ್ಲಿ ಕುಳಿತು ನೋಡಿ. ಜಗಲಿಗೆ ಏರಲು ರ‍್ಯಾಂಪ್ ಇರಬಹುದು. ಅದು ನೀವು ಓದಿರುವ ಸರಳ ಯಂತ್ರಗಳಲ್ಲಿ ಒಂದಾದ ಇಳಿಜಾರು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಲೆಕ್ಕ. ಮಗು ಮತ್ತು ಕುರ್ಚಿ ಸೇರಿ 48 ಕಿಲೋ ಇದ್ದರೆ, ಈ ಇಳಿಜಾರಿನಲ್ಲಿ ತಳ್ಳಲು ಸುಮಾರು 4 ಕಿಲೋ ಎತ್ತುವಷ್ಟು ಬಲ ಸಾಕು. ಉದ್ದ ಅರ್ಧವಾದರೆ 8 ಕಿಲೋ ಬೇಕು, ಇಳಿಯುವಾಗ ಕುರ್ಚಿ ಕೈತಪ್ಪಿ ಓಡುವ ಅಪಾಯವೂ ಹೆಚ್ಚು. ಕುರ್ಚಿಯ ಬೆನ್ನಿಗೆ ತುಂಬಿದ ಶಾಲಾಚೀಲ ನೇತುಹಾಕಿ ಏರಿದರೆ ಗುರುತ್ವಕೇಂದ್ರ ಹಿಂದಕ್ಕೆ ಸರಿದು ಕುರ್ಚಿ ಮಗುಚಲೂಬಹುದು.

ಟೇಪು ತೆಗೆದುಕೊಂಡು ಹೋಗಿ. ನಿಮ್ಮ ಜಗಲಿಯ ಎತ್ತರ 45 ಸೆಂ.ಮೀ. ಇದ್ದರೆ ರ‍್ಯಾಂಪ್ 540 ಸೆಂ.ಮೀ., ಅಂದರೆ 5.4 ಮೀಟರ್ ಇರಬೇಕು. ಇದೆಯೇ? ದೊಡ್ಡವರ ಗಾಲಿಕುರ್ಚಿ ಸುಮಾರು 65 ಸೆಂ.ಮೀ. ಅಗಲ ಇರುತ್ತದೆ, ತಳ್ಳುವ ಕೈಗಳಿಗೆ ಇನ್ನಷ್ಟು ಜಾಗ ಬೇಕು. ತರಗತಿಯ ಬಾಗಿಲು ಎಷ್ಟು ಅಗಲ? ಶೌಚಾಲಯದ ಬಾಗಿಲು? ಬಿಸಿಯೂಟದ ಕೋಣೆಯದು? ಅಳತೆಗಳನ್ನು ವಿಜ್ಞಾನದ ನೋಟುಪುಸ್ತಕದಲ್ಲಿ ಬರೆದು, ಸರಿ ಇಲ್ಲದ್ದಕ್ಕೆ ಕೆಂಪು ಗುರುತು ಹಾಕಿ ಮುಖ್ಯಶಿಕ್ಷಕರಿಗೆ ತೋರಿಸಿ.